ಮನೆಯನ್ನು ಮುಟ್ಟಲಾರದ ಸಾಲಕ್ಕೆ ಮನೆಯನ್ನು ಒಡ್ಡಬೇಡಿ

ಅಮೆರಿಕದಲ್ಲಿ ನಿವೃತ್ತರಾದ ದಂಪತಿ ಸಾಲದಲ್ಲಿ ಸಿಕ್ಕಿಕೊಂಡಾಗ, ಮನೆ ಕೈತಪ್ಪಲು ಎಷ್ಟೋ ಸಲ ಕಾರಣವಾಗುವುದು ದಿವಾಳಿ ಅರ್ಜಿಯಲ್ಲ. ದಿವಾಳಿ ಎಂಬ ಹೆಸರು ಅಂಟಬಾರದೆಂದು ಅದಕ್ಕೂ ಒಂದೆರಡು ವರ್ಷ ಮೊದಲು ಮಾಡಿಕೊಂಡ ಏರ್ಪಾಡುಗಳು.

ಕ್ರೆಡಿಟ್ ಕಾರ್ಡುಗಳಲ್ಲಿ 40,000 ಡಾಲರ್, ಆಸ್ಪತ್ರೆಯ ಬಿಲ್ಲು 20,000 ಡಾಲರ್ ಬಾಕಿ ಇದೆ ಎಂದಿಟ್ಟುಕೊಳ್ಳಿ. ಮನೆಯ ಮೇಲೆ ಹೋಮ್ ಈಕ್ವಿಟಿ ಸಾಲ ತೆಗೆದು ಎಲ್ಲ ತೀರಿಸಿಬಿಡಿ, ಬಡ್ಡಿ ಅರ್ಧದಷ್ಟೂ ಆಗುವುದಿಲ್ಲ ಎಂದು ಮಗ ಹೇಳುತ್ತಾನೆ. ಬಡ್ಡಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಆ ಕಾಗದಕ್ಕೆ ಸಹಿ ಹಾಕುವ ತನಕ ಆ 60,000 ಡಾಲರಿಗೂ ಮನೆಗೂ ನೇರ ಸಂಬಂಧವೇ ಇರಲಿಲ್ಲ. ಕಾರ್ಡ್ ಕಂಪನಿ ಮನೆ ಹರಾಜಿಗೆ ಹಾಕಬೇಕಾದರೆ ಮೊದಲು ದಾವೆ ಹೂಡಬೇಕು, ತೀರ್ಪು ಪಡೆಯಬೇಕು, ಆಮೇಲೆ ರಾಜ್ಯದ ಕಾನೂನು ಮನೆಗೆ ಕೊಟ್ಟಿರುವ ರಕ್ಷಣೆಯನ್ನು ದಾಟಬೇಕು. ಸಹಿ ಬಿದ್ದ ಮೇಲೆ ಆ ರಕ್ಷಣೆ ಅಡ್ಡ ಬರುವುದಿಲ್ಲ. ಕಂತು ತಪ್ಪಿದರೆ ಸಾಕು. ಅದೂ ಅಲ್ಲದೆ ದಿವಾಳಿಯಲ್ಲಿ ಅಳಿಸಿಹೋಗಬಹುದಾಗಿದ್ದ ಸಾಲ ಈಗ ಮನೆಗೆ ಅಂಟಿಕೊಂಡು ಬಿಡಿಸಲಾಗದ ಹೊರೆಯಾಗಿರುತ್ತದೆ.

401ಕೆ ಒಡೆದು ಕಾರ್ಡ್ ತೀರಿಸುವುದೂ ಇದೇ ಜಾತಿಯ ತಪ್ಪು. ಉದ್ಯೋಗದಾತರ ಮೂಲಕ ಬಂದ ಇಂಥ ನಿವೃತ್ತಿ ನಿಧಿಯನ್ನು ಸಾಲ ಕೊಟ್ಟವರು ದಿವಾಳಿಯಲ್ಲಿ ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿದೆ. ಸ್ವಂತವಾಗಿ ತೆರೆದ ನಿವೃತ್ತಿ ಖಾತೆಯಾದ ಐಆರ್‌ಎಗೂ ರಕ್ಷಣೆ ಇದೆ. 2025ರ ಏಪ್ರಿಲ್‌ನಿಂದ ಅದರ ಮಿತಿ ಒಬ್ಬರಿಗೆ 17,11,975 ಡಾಲರ್, ಸಾಮಾನ್ಯ ಕುಟುಂಬಕ್ಕೆ ಈ ಮಿತಿ ತಲುಪುವ ಪ್ರಶ್ನೆಯೇ ಬರುವುದಿಲ್ಲ. ಇಂಥ ಕಾಪಿಟ್ಟ ಹಣವನ್ನು ತೆಗೆದು, ಅದಕ್ಕೆ ತೆರಿಗೆ ಕಟ್ಟಿ, ಉಳಿದದ್ದನ್ನು ಆ ಹಣದ ತಂಟೆಗೇ ಬರಲಾರದ, ಸಾಲ ಕೊಟ್ಟವನಿಗೆ ಕೊಡುತ್ತಾರೆ. ಎರಡು ವರ್ಷ ಹೀಗೆ ನಡೆಸಿ, ನಿಧಿ ಬರಿದಾದ ಮೇಲೆ ವಕೀಲರ ಬಳಿಗೆ ಬರುತ್ತಾರೆ. ಇದನ್ನು ನೋಡುವಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಹೋದ ಹಣವನ್ನು ಯಾವ ಕೋರ್ಟೂ ತಂದುಕೊಡುವುದಿಲ್ಲ. ಒಂದು ಅಪವಾದ ನೆನಪಿರಲಿ: ತಂದೆತಾಯಿಯಿಂದಲೋ ಒಡಹುಟ್ಟಿದವರಿಂದಲೋ ವಾರಸಾಗಿ ಬಂದ ಐಆರ್‌ಎಗೆ ಫೆಡರಲ್ ಕಾನೂನಿನ ಈ ರಕ್ಷಣೆ ಇಲ್ಲ ಎಂದು 2014ರಲ್ಲಿ ಅದೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಸರ್ಕಾರ ನಿವೃತ್ತರಿಗೆ ತಿಂಗಳಿಗೊಮ್ಮೆ ಕೊಡುವ ಸೋಶಿಯಲ್ ಸೆಕ್ಯುರಿಟಿಯ ಹಣಕ್ಕಂತೂ ಇನ್ನೂ ಗಟ್ಟಿ ಕಾವಲು. ಕಾರ್ಡ್ ಕಂಪನಿಯಾಗಲಿ ಆಸ್ಪತ್ರೆಯಾಗಲಿ ಅದನ್ನು ಜಪ್ತಿ ಮಾಡುವಂತಿಲ್ಲ. ಬಾಕಿ ಇರುವ ಫೆಡರಲ್ ತೆರಿಗೆ, ಮಕ್ಕಳ ಪೋಷಣೆ ಮತ್ತು ಜೀವನಾಂಶದ ಬಾಕಿ, ಫೆಡರಲ್ ವಿದ್ಯಾರ್ಥಿ ಸಾಲ, ಇಂಥ ಕೆಲವು ಬಾಕಿಗಳು ಮಾತ್ರ ಬೇರೆ ಲೆಕ್ಕ. ಜಪ್ತಿ ಆದೇಶ ಬ್ಯಾಂಕಿಗೆ ಬಂದಾಗ ಹಿಂದಿನ ಎರಡು ತಿಂಗಳಲ್ಲಿ ನೇರವಾಗಿ ಜಮೆಯಾದ ಸೋಶಿಯಲ್ ಸೆಕ್ಯುರಿಟಿ ಮೊತ್ತವನ್ನು ಬ್ಯಾಂಕೇ ಲೆಕ್ಕ ಹಾಕಿ ಬಿಟ್ಟುಕೊಡಬೇಕು, ನೀವು ಓಡಾಡಬೇಕಿಲ್ಲ. ಆದರೆ ಈ ಸ್ವಯಂಚಾಲಿತ ರಕ್ಷಣೆ ನೇರ ಜಮೆಗೆ ಮಾತ್ರ. ಚೆಕ್ ತಂದು ಹಾಕಿದ್ದರೆ, ಅಥವಾ ಅದನ್ನು ಮತ್ತೊಂದು ಖಾತೆಗೆ ವರ್ಗಾಯಿಸಿದ್ದರೆ, ಯಾವುದು ಯಾವ ಹಣ ಎಂದು ನೀವೇ ರುಜುವಾತು ಮಾಡಬೇಕಾಗುತ್ತದೆ. ಅದಕ್ಕೇ ಸೋಶಿಯಲ್ ಸೆಕ್ಯುರಿಟಿಗೆಂದೇ ಒಂದು ಖಾತೆ ಇಟ್ಟು, ಬಾಡಿಗೆ ಹಣ, ಮಕ್ಕಳು ಕಳಿಸಿದ ಹಣ ಯಾವುದನ್ನೂ ಅದರಲ್ಲಿ ಬೆರೆಸದಿರುವುದು ಒಳ್ಳೆಯದು. ಆ ಖಾತೆ ನಿಮಗೆ ಸಾಲವಿಲ್ಲದ ಬ್ಯಾಂಕಿನಲ್ಲಿರಲಿ.

ಇಷ್ಟು ತಿಳಿದ ಮೇಲೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ದಿವಾಳಿ ಅರ್ಜಿ ಬೇಕೇ? ಆದಾಯ ಬರೀ ಸೋಶಿಯಲ್ ಸೆಕ್ಯುರಿಟಿ, ಮನೆಯ ಈಕ್ವಿಟಿ (ಬೆಲೆಯಲ್ಲಿ ಸಾಲ ಕಳೆದು ಉಳಿಯುವ ನಿಮ್ಮ ಪಾಲು) ಪೂರ್ತಿ ರಾಜ್ಯ ಕೊಡುವ ರಕ್ಷಣೆಯ ಮಿತಿಯೊಳಗೆ, ಬ್ಯಾಂಕಿನಲ್ಲಿ ಹೆಚ್ಚೇನೂ ಇಲ್ಲ ಎಂದಾದರೆ ದಾವೆ ಗೆದ್ದವನಿಗೂ ವಸೂಲಿಗೆ ಏನೂ ಸಿಗುವುದಿಲ್ಲ. ಅಂಥವರಿಗೆ ಕಾಟ ಕೊಡುವುದು ಮುಖ್ಯವಾಗಿ ಫೋನು. ಇನ್ನು ಮುಂದೆ ಸಂಪರ್ಕಿಸಬೇಡಿ ಎಂದು ವಸೂಲಿ ಏಜೆನ್ಸಿಗೆ ಬರೆದು, ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿದರೆ ಫೆಡರಲ್ ಕಾನೂನಿನ ಪ್ರಕಾರ ಕರೆ ನಿಲ್ಲಿಸಬೇಕು. ದಾವೆ ಹೂಡುವ ಹಕ್ಕು ಮಾತ್ರ ಹಾಗೇ ಉಳಿಯುತ್ತದೆ. ಸಮನ್ಸ್ ಬಂದರೆ ಅದನ್ನು ಡ್ರಾಯರಿಗೆ ತಳ್ಳಬೇಡಿ. ಗಡುವಿನೊಳಗೆ ಉತ್ತರ ಕೊಡದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ, ಆ ತೀರ್ಪು ಅನೇಕ ರಾಜ್ಯಗಳಲ್ಲಿ ಮನೆಯ ಮೇಲೆ ಲಿಯನ್ (ಸಾಲಕ್ಕಾಗಿ ಮನೆಯ ಮೇಲಿನ ಹಕ್ಕು) ಆಗಿ ಕೂರುತ್ತದೆ. ಇವತ್ತು ಮನೆ ಬಿಡಿಸಲಾರದಿದ್ದರೂ ನಾಳೆ ಮಾರುವಾಗ, ಇಲ್ಲವೇ ಮಕ್ಕಳ ಕೈಗೆ ಹೋಗುವಾಗ ಅದು ಅಡ್ಡ ಬರಬಹುದು. ವಿನಾಯಿತಿಗೆ ತೊಡಕಾಗುವ ಇಂಥ ತೀರ್ಪಿನ ಲಿಯನ್ನನ್ನು ದಿವಾಳಿ ಕೋರ್ಟಿನಲ್ಲಿ ಪ್ರತ್ಯೇಕ ಅರ್ಜಿ ಹಾಕಿ ತೆಗೆಸಬಹುದು. ಆ ಅರ್ಜಿ ತಾನಾಗಿ ಆಗುವುದಿಲ್ಲ. ಎಷ್ಟೋ ಮಂದಿ ಸಾಲ ಮನ್ನಾ ಆಯಿತೆಂದು ನೆಮ್ಮದಿಯಿಂದಿದ್ದು ಹತ್ತು ವರ್ಷದ ಮೇಲೆ ಮನೆ ಮಾರಲು ಹೋದಾಗ ಹಳೆಯ ಲಿಯನ್ ಕಂಡು ಬೆಚ್ಚುತ್ತಾರೆ.

ಅರ್ಜಿ ಬೇಕೇಬೇಕು ಎಂದಾದರೆ ಎಲ್ಲವೂ ನಿಂತಿರುವುದು ಹೋಮ್‌ಸ್ಟೆಡ್ ವಿನಾಯಿತಿಯ ಮೇಲೆ, ಅಂದರೆ ವಾಸದ ಮನೆಯ ಈಕ್ವಿಟಿಯಲ್ಲಿ ಎಷ್ಟು ಭಾಗ ಸಾಲ ಕೊಟ್ಟವರ ಕೈಗೆ ಸಿಗದು ಎಂಬ ಲೆಕ್ಕದ ಮೇಲೆ. ಇದು ರಾಜ್ಯದಿಂದ ರಾಜ್ಯಕ್ಕೆ ಅಜಗಜಾಂತರ. ಟೆಕ್ಸಾಸ್ ಮತ್ತು ಫ್ಲೋರಿಡಾದಲ್ಲಿ ಬೆಲೆಯ ಮಿತಿಯೇ ಇಲ್ಲ, ಜಾಗದ ಮಿತಿ ಮಾತ್ರ: ಟೆಕ್ಸಾಸ್‌ನ ಊರೊಳಗೆ 10 ಎಕರೆ, ಫ್ಲೋರಿಡಾದ ನಗರದೊಳಗೆ ಅರ್ಧ ಎಕರೆ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಕೌಂಟಿಯ ಮನೆ ಬೆಲೆಗೆ ತಕ್ಕಂತೆ 3 ಲಕ್ಷದಿಂದ 6 ಲಕ್ಷ ಡಾಲರ್ ಎಂದು ಮಾಡಿ, ಹಣದುಬ್ಬರದ ಜೊತೆ ಏರಿಸುತ್ತಿದ್ದಾರೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಿಗೆ ತಮ್ಮದೇ ಹೋಮ್‌ಸ್ಟೆಡ್ ವಿನಾಯಿತಿ ಇಲ್ಲ. ಅಲ್ಲಿನವರು ಫೆಡರಲ್ ಪಟ್ಟಿಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಮನೆಗೆ ಸಿಗುವುದು ಒಬ್ಬರಿಗೆ 31,575 ಡಾಲರ್, ಮನೆ ಇಬ್ಬರ ಹೆಸರಿನಲ್ಲಿದ್ದು ಗಂಡಹೆಂಡತಿ ಜಂಟಿಯಾಗಿ ಅರ್ಜಿ ಹಾಕಿದರೆ 63,150. ಗಂಡಹೆಂಡತಿಯಲ್ಲಿ ಒಬ್ಬರ ಹೆಸರಿನಲ್ಲಷ್ಟೇ ಸಾಲವಿದ್ದರೆ, ಫ್ಲೋರಿಡಾ, ಪೆನ್ಸಿಲ್ವೇನಿಯಾದಂಥ ಕೆಲವು ರಾಜ್ಯಗಳಲ್ಲಿ ದಂಪತಿಯ ಅವಿಭಾಜ್ಯ ಒಡೆತನವೆಂಬ ಬೇರೆಯೇ ರಕ್ಷಣೆ ಇದೆ. ಹಾಗಾಗಿ ಮೊದಲು ಮನೆಯ ಡೀಡ್ ತೆಗೆದು ಅದರಲ್ಲಿ ಯಾರ ಹೆಸರು, ಯಾವ ರೀತಿಯಲ್ಲಿ ಬರೆದಿದೆ ಎಂದು ಓದಿ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಬೆಲೆ 3,50,000 ಡಾಲರ್, ಮಾರ್ಟ್‌ಗೇಜ್ (ಮನೆಯ ಸಾಲ) ಬಾಕಿ 2,10,000. ಈಕ್ವಿಟಿ 1,40,000. ಮಾರಾಟದ ಖರ್ಚು ಶೇಕಡ 7 ಎಂದರೆ 24,500 ಹೋಗಿ 1,15,500 ಉಳಿಯಿತು. ದಂಪತಿಯ ಫೆಡರಲ್ ವಿನಾಯಿತಿ 63,150 ಕಳೆದರೆ 52,350. ಟ್ರಸ್ಟಿಗೆ, ಅಂದರೆ ದಿವಾಳಿಯಲ್ಲಿ ಆಸ್ತಿ ಮಾರಿ ಹಣ ಹಂಚಲು ನೇಮಕವಾದವರಿಗೆ, ಸಲ್ಲುವ ಕಮಿಷನ್ ಹಂಚಿದ ಒಟ್ಟು ಹಣದ ಮೇಲೆ ಹಂತಹಂತವಾಗಿ ಬೀಳುತ್ತದೆ, ಇಲ್ಲಿ ಹೆಚ್ಚೆಂದರೆ ಸುಮಾರು 17,000. ಅದೂ ಹೋಗಿ ಸಾಲ ಕೊಟ್ಟವರಿಗೆ 35,000ದಷ್ಟು ಉಳಿಯುತ್ತದೆ. ರಕ್ಷಣೆಯಿಲ್ಲದ ಆಸ್ತಿ ಮಾರಿ ಉಳಿದ ಸಾಲ ಮನ್ನಾ ಮಾಡುವ ದಿವಾಳಿಯ ಬಗೆಯಾದ ಚಾಪ್ಟರ್ 7ರಲ್ಲಿ ಟ್ರಸ್ಟಿ ಈ ಮನೆಯನ್ನು ಮಾರುತ್ತಾರೆ, ನಿಮ್ಮ ಕೈಗೆ 63,150 ಕೊಡುತ್ತಾರೆ. ಇದೇ ಮನೆಯ ಮೇಲೆ 2,60,000 ಬಾಕಿ ಇದ್ದರೆ ಖರ್ಚು, ವಿನಾಯಿತಿ ಕಳೆದು ಉಳಿಯುವುದು 2,350. ಅಷ್ಟಕ್ಕಾಗಿ ಯಾವ ಟ್ರಸ್ಟಿಯೂ ಮನೆ ಮಾರಲು ಹೊರಡುವುದಿಲ್ಲ. ಇದೇ ಮನೆ ಟೆಕ್ಸಾಸ್‌ನಲ್ಲಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಅಂದರೆ ಮನೆಯ ಸಾಲವನ್ನು ಹೆಚ್ಚು ತೀರಿಸಿದವರಿಗೇ ಚಾಪ್ಟರ್ 7 ಹೆಚ್ಚು ಅಪಾಯ. ನಿವೃತ್ತರು ಸಾಮಾನ್ಯವಾಗಿ ಇದೇ ಗುಂಪಿನವರು.

ಹಾಗಂತ ವಿನಾಯಿತಿ ಹೆಚ್ಚಿರುವ ರಾಜ್ಯಕ್ಕೆ ಓಡಿಹೋಗಿ ಬಚಾವಾಗುವಂತಿಲ್ಲ. ಅರ್ಜಿಗೆ ಮುಂಚಿನ 730 ದಿನ ಒಂದೇ ರಾಜ್ಯದಲ್ಲಿ ನೆಲೆಸಿರದಿದ್ದರೆ ಅದಕ್ಕೂ ಹಿಂದಿದ್ದ ರಾಜ್ಯದ ಕಾನೂನನ್ನು ನೋಡುತ್ತಾರೆ. ಮನೆ ಕೊಂಡು 1,215 ದಿನ ಆಗಿಲ್ಲದಿದ್ದರೆ ಫ್ಲೋರಿಡಾದಲ್ಲೂ ರಕ್ಷಣೆ 2,14,000 ಡಾಲರಿಗೇ ನಿಲ್ಲುತ್ತದೆ. ಅದೇ ರಾಜ್ಯದ ಹಳೆಯ ಮನೆ ಮಾರಿ ಬಂದ ಹಣಕ್ಕೆ ಮಾತ್ರ ಇದರಿಂದ ಬಿಡುಗಡೆ. ನಿವೃತ್ತಿಯಾದ ಮೇಲೆ ಮಗಳ ಊರಿಗೆ ಬಂದು ನೆಲೆಸಿದವರು ಈ ಎರಡು ತಾರೀಖುಗಳನ್ನು ಮೊದಲೇ ಎಣಿಸಿಕೊಳ್ಳಬೇಕು. ಕೆಲವೊಮ್ಮೆ ನಾಲ್ಕು ತಿಂಗಳು ಕಾಯುವುದೇ ಮನೆ ಉಳಿಸುವ ಉಪಾಯ.

ಮನೆಯ ಬೆಲೆಯನ್ನು ಅಂದಾಜಿಗೆ ಬಿಡಬೇಡಿ. ಚಾಪ್ಟರ್ 7ಕ್ಕೆ ಒಮ್ಮೆ ಹೋದ ಮೇಲೆ, ಅಯ್ಯೋ ಮನೆ ಹೋಗುತ್ತದೆ ಎಂದು ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ನಿಮಗಿಲ್ಲ. ಕೋರ್ಟ್ ಒಪ್ಪಬೇಕು, ಸಾಲ ಕೊಟ್ಟವರಿಗೆ ನಷ್ಟವಾಗುವಾಗ ಅದು ಸುಲಭವಾಗಿ ಒಪ್ಪುವುದಿಲ್ಲ. ವೆಬ್‌ಸೈಟ್ ತೋರಿಸುವ ಬೆಲೆ 30,000 ಡಾಲರ್ ಆಚೀಚೆ ಆದರೆ ಮೇಲಿನ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ವಿನಾಯಿತಿಯ ಅಂಚಿನಲ್ಲಿರುವವರು ಲೈಸೆನ್ಸ್ ಇರುವ ಅಪ್ರೈಸರ್‌ಗೆ ಕೆಲವು ನೂರು ಡಾಲರ್ ಕೊಟ್ಟು ಲಿಖಿತ ಮೌಲ್ಯಮಾಪನ ಮಾಡಿಸಿಕೊಳ್ಳಲೇಬೇಕು. ಸೋರುವ ಮಾಡು, ಹಳೆಯ ಹೀಟಿಂಗ್, ಬಿರುಕು ಬಿಟ್ಟ ತಳಪಾಯ ಎಲ್ಲವೂ ಅದರಲ್ಲಿ ದಾಖಲಾಗಲಿ.

ಈಕ್ವಿಟಿ ವಿನಾಯಿತಿಗಿಂತ ಹೆಚ್ಚಿದ್ದರೆ ದಾರಿ ಚಾಪ್ಟರ್ 13. ಅಲ್ಲಿ ಮನೆ ಮಾರುವುದಿಲ್ಲ. ಬದಲಿಗೆ ಚಾಪ್ಟರ್ 7ರಲ್ಲಿ ಸಾಲ ಕೊಟ್ಟವರಿಗೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನಾದರೂ ಮೂರರಿಂದ ಐದು ವರ್ಷದಲ್ಲಿ ಕಂತಾಗಿ ಕಟ್ಟಬೇಕು. ಮೇಲಿನ ಉದಾಹರಣೆಯ 35,000ವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 585 ಡಾಲರ್‌ನಷ್ಟು, ಟ್ರಸ್ಟಿಯ ಪಾಲು ಶೇಕಡ 10ರವರೆಗೆ ಸೇರಿ 640ರ ಸುತ್ತಮುತ್ತ. ಪ್ರತಿ ತಿಂಗಳೂ, ಐದು ವರ್ಷ, ಮಾರ್ಟ್‌ಗೇಜ್ ಕಂತಿನ ಜೊತೆಗೆ. ಸೋಶಿಯಲ್ ಸೆಕ್ಯುರಿಟಿಯೂ ನಿಯಮಿತ ಆದಾಯವೇ ಆದ್ದರಿಂದ ನಿವೃತ್ತರು ಇದಕ್ಕೆ ಅರ್ಹರು. ಆದರೆ ಅರ್ಹತೆ ಬೇರೆ, ತಾಳಿಕೆ ಬೇರೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಐದು ವರ್ಷದ ಕರಾರು ಎಂದರೆ ನಡುವೆ ಕಾಯಿಲೆ ಬರಬಹುದು, ದಂಪತಿಯಲ್ಲಿ ಒಬ್ಬರು ತೀರಿಕೊಂಡು ಎರಡು ಚೆಕ್ ಬರುತ್ತಿದ್ದ ಮನೆಗೆ ಒಂದೇ ಬರಬಹುದು. ಯೋಜನೆ ಮುರಿದುಬಿದ್ದರೆ ಸಾಲಗಳು ಬಡ್ಡಿ ಸಮೇತ ಮರಳುತ್ತವೆ. ಅದಕ್ಕೆ ತಿಂಗಳ ಬಜೆಟ್ ಬರೆಯುವಾಗ ಔಷಧಿ, ಹಲ್ಲು, ಕನ್ನಡಕ, ಕಾರಿನ ರಿಪೇರಿ, ಮೆಡಿಕೇರ್ ಪ್ರೀಮಿಯಂ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಬರೆಯಿರಿ. ಕೋರ್ಟಿಗೆ ಚೆನ್ನಾಗಿ ಕಾಣಲೆಂದು ಊಟದ ಖರ್ಚು ಕಡಿಮೆ ತೋರಿಸಿದ ಯೋಜನೆ ಒಂದು ವರ್ಷ ನಿಲ್ಲುವುದೂ ಕಷ್ಟ.

ಮನೆ ಕಂತು ಹಿಂದೆ ಬಿದ್ದವರಿಗೆ ಚಾಪ್ಟರ್ 13 ಇನ್ನೊಂದು ಕೆಲಸಕ್ಕೆ ಬರುತ್ತದೆ. ಅರ್ಜಿ ದಾಖಲಾದ ಕ್ಷಣವೇ ವಸೂಲಿಗೆ ತಡೆ ಬೀಳುತ್ತದೆ, ಹರಾಜು ನಿಲ್ಲುತ್ತದೆ, ಬಾಕಿ ಕಂತುಗಳನ್ನು ಐದು ವರ್ಷಕ್ಕೆ ಹಂಚಿ ತುಂಬಬಹುದು. ಹರಾಜು ಮುಗಿಯುವ ಮೊದಲೇ ಅರ್ಜಿ ಬೀಳಬೇಕು, ಮುಗಿದ ಮೇಲೆ ಸಾಮಾನ್ಯವಾಗಿ ದಾರಿ ಇಲ್ಲ. ಮೊದಲ ಕಂತು ಅರ್ಜಿಯ 30 ದಿನದೊಳಗೆ ಶುರು. ಹಿಂದಿನ ಅರ್ಜಿ ವಜಾ ಆಗಿ ಒಂದು ವರ್ಷದೊಳಗೆ ಮತ್ತೆ ಬಂದರೆ ತಡೆ 30 ದಿನಕ್ಕೇ ಮುಗಿಯುತ್ತದೆ, ಮುಂದುವರಿಸಲು ನ್ಯಾಯಾಧೀಶರನ್ನು ಒಪ್ಪಿಸಬೇಕು. ವಾಸದ ಮನೆಯ ಮೊದಲ ಮಾರ್ಟ್‌ಗೇಜಿನ ಬಡ್ಡಿಯನ್ನೋ ಅಸಲನ್ನೋ ಕೋರ್ಟ್ ಕಡಿತ ಮಾಡುತ್ತದೆಂಬ ಆಸೆ ಬೇಡ. ಕಾನೂನು ಅದನ್ನು ಬಿಡುವುದಿಲ್ಲ.

ಚಾಪ್ಟರ್ 7ರಲ್ಲೂ ಮಾರ್ಟ್‌ಗೇಜ್ ಮಾಯವಾಗುವುದಿಲ್ಲ. ನಿಮ್ಮ ವೈಯಕ್ತಿಕ ಹೊಣೆ ಅಳಿಯುತ್ತದೆ, ಮನೆಯ ಮೇಲಿನ ಹಕ್ಕು ಬ್ಯಾಂಕಿಗೆ ಉಳಿಯುತ್ತದೆ. ಕಂತು, ಆಸ್ತಿ ತೆರಿಗೆ, ವಿಮೆ, ಅರ್ಜಿಯ ನಂತರದ ಹೋಮ್ ಓನರ್ಸ್ ಅಸೋಸಿಯೇಶನ್ ಶುಲ್ಕ ಎಲ್ಲವನ್ನೂ ಕಟ್ಟುತ್ತಲೇ ಇರಬೇಕು. ಮಾರ್ಟ್‌ಗೇಜ್ ಮುಗಿದವರು ತೆರಿಗೆಯನ್ನು ಮರೆತು ಮನೆ ಕಳೆದುಕೊಳ್ಳುವುದುಂಟು, ಯಾಕೆಂದರೆ ಅದುವರೆಗೆ ಬ್ಯಾಂಕೇ ಕಂತಿನ ಜೊತೆ ಪಡೆದು ಎಸ್ಕ್ರೋ ಖಾತೆಯಲ್ಲಿಟ್ಟ ಹಣದಿಂದ ಕಟ್ಟುತ್ತಿರುತ್ತದೆ. ಹಲವು ರಾಜ್ಯಗಳಲ್ಲಿ ಹಿರಿಯರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಅಥವಾ ಮುಂದೂಡಿಕೆ ಇದೆ, ಟೆಕ್ಸಾಸ್‌ನಲ್ಲಿ 65 ದಾಟಿದವರು ವಾಸದ ಮನೆಯ ತೆರಿಗೆಯನ್ನು ಬಡ್ಡಿಯೊಂದಿಗೆ ಮುಂದಕ್ಕೆ ಹಾಕಬಹುದು. ಕೌಂಟಿ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಮಾತ್ರ ಇದು ಸಿಗುತ್ತದೆ.

ಈಗ ನಮ್ಮ ಕುಟುಂಬಗಳಲ್ಲಿ ಪ್ರೀತಿಯಿಂದಲೇ ಆಗುವ ಎಡವಟ್ಟುಗಳು. ಮನೆ ಉಳಿಯಲಿ ಎಂದು ಮಗನ ಹೆಸರಿಗೆ ಬರೆದುಕೊಡುವುದು ಇವುಗಳಲ್ಲೆಲ್ಲ ಕೆಟ್ಟದ್ದು. ಎರಡು ವರ್ಷದೊಳಗಿನ ಇಂಥ ವರ್ಗಾವಣೆಯನ್ನು ಟ್ರಸ್ಟಿ ರದ್ದು ಮಾಡಿಸಬಹುದು, ರಾಜ್ಯದ ಕಾನೂನು ಬಳಸಿ ಹಲವು ಕಡೆ ನಾಲ್ಕು ವರ್ಷ ಹಿಂದಕ್ಕೂ ಹೋಗಬಹುದು. ಒಂದು ವರ್ಷದೊಳಗೆ ವಂಚಿಸುವ ಉದ್ದೇಶದಿಂದ ಮಾಡಿದ್ದೆಂದು ಸಾಬೀತಾದರೆ ಸಾಲ ಮನ್ನಾವೇ ಸಿಗುವುದಿಲ್ಲ. ವಿಪರ್ಯಾಸವೆಂದರೆ ನಿಮ್ಮ ಹೆಸರಿನಲ್ಲಿದ್ದಾಗ ವಿನಾಯಿತಿ ಇದ್ದ ಮನೆ, ಬರೆದುಕೊಟ್ಟ ಕಾರಣಕ್ಕೇ ವಿನಾಯಿತಿ ಕಳೆದುಕೊಳ್ಳಬಹುದು. ಎರಡನೆಯದು ತಮ್ಮನ ಕೈಸಾಲ. ಅರ್ಜಿಗೆ ಮುಂಚೆ ಮನೆಯವರ ಸಾಲ ತೀರಿಸಿಬಿಡೋಣ, ಮರ್ಯಾದೆ ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಒಂದು ವರ್ಷದೊಳಗೆ ಬಂಧುಗಳಿಗೆ ಕೊಟ್ಟ ಹಣವನ್ನು ಟ್ರಸ್ಟಿ ಅವರಿಂದಲೇ ವಾಪಸ್ ಕೇಳುತ್ತಾರೆ. ತಮ್ಮನ ಮನೆಗೆ ಕೋರ್ಟ್ ನೋಟಿಸ್ ಹೋಗುತ್ತದೆ. ಅರ್ಜಿ ಮುಗಿದ ಮೇಲೆ ಸ್ವಂತ ಇಚ್ಛೆಯಿಂದ ತೀರಿಸಲು ಯಾವ ಅಡ್ಡಿಯೂ ಇಲ್ಲ. ಮಗಳು ಜೊತೆಗೆ ಸಹಿ ಹಾಕಿದ ಸಾಲವಿದ್ದರೆ ನಿಮ್ಮ ಚಾಪ್ಟರ್ 7 ಅವಳನ್ನು ಕಾಪಾಡುವುದಿಲ್ಲ. ಚಾಪ್ಟರ್ 13ರಲ್ಲಿ ಮನೆಬಳಕೆಯ ಸಾಲಗಳಿಗೆ ಸಹಿ ಹಾಕಿದವರಿಗೂ ಯೋಜನೆ ನಡೆಯುವಷ್ಟು ಕಾಲ ತಡೆ ಸಿಗುತ್ತದೆ.

ಭಾರತದಲ್ಲಿರುವ ಆಸ್ತಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಕಾನೂನು ಕೇಳುವುದು ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ನಿಮ್ಮ ಹಕ್ಕಿರುವ ಎಲ್ಲ ಆಸ್ತಿ. ಸೈಟು, ಇನ್ನೂ ಭಾಗವಾಗದ ಪಿತ್ರಾರ್ಜಿತದ ಪಾಲು, ಎನ್‌ಆರ್‌ಒ ಖಾತೆಯ ಠೇವಣಿ, ಲಾಕರಿನ ಚಿನ್ನ ಎಲ್ಲವನ್ನೂ ಬರೆಯಬೇಕು. ಫೆಡರಲ್ ಪಟ್ಟಿಯಲ್ಲಿ ಒಡವೆಗೆಂದೇ ಇರುವ ವಿನಾಯಿತಿ ಒಬ್ಬರಿಗೆ 2,125 ಡಾಲರ್ ಮಾತ್ರ. ಅಲ್ಲಿನದು ಇಲ್ಲಿಯವರಿಗೆ ಎಲ್ಲಿ ಗೊತ್ತಾಗುತ್ತದೆ ಎಂದು ಬಿಟ್ಟರೆ ಅದು ಪ್ರಮಾಣ ಮಾಡಿ ಹೇಳಿದ ಸುಳ್ಳಾಗುತ್ತದೆ, ಫೆಡರಲ್ ಅಪರಾಧವಾಗುತ್ತದೆ. ಅರ್ಜಿಯ ನಂತರ 180 ದಿನದೊಳಗೆ ಯಾರಾದರೂ ತೀರಿಕೊಂಡು ಉಯಿಲಿನಿಂದ ನಿಮಗೆ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ತೀರಾ ಹಿರಿಯರು ಹಾಸಿಗೆ ಹಿಡಿದಿದ್ದರೆ ವಕೀಲರಿಗೆ ಇದನ್ನೂ ಹೇಳಿ.

ಪ್ರಕ್ರಿಯೆ ಅಷ್ಟೇನೂ ಭಯಂಕರವಲ್ಲ. ಅರ್ಜಿಗೆ ಮುಂಚಿನ 180 ದಿನದೊಳಗೆ ಮಾನ್ಯತೆ ಪಡೆದ ಸಂಸ್ಥೆಯಿಂದ ಕ್ರೆಡಿಟ್ ಕೌನ್ಸೆಲಿಂಗ್ ಆಗಬೇಕು, ಫೋನಿನಲ್ಲೂ ಆಗುತ್ತದೆ. ಕೋರ್ಟ್ ಶುಲ್ಕ ಚಾಪ್ಟರ್ 7ಕ್ಕೆ 338 ಡಾಲರ್, ಚಾಪ್ಟರ್ 13ಕ್ಕೆ 313. ಚಾಪ್ಟರ್ 7ರ ಆದಾಯ ಪರೀಕ್ಷೆಯಲ್ಲಿ ಸೋಶಿಯಲ್ ಸೆಕ್ಯುರಿಟಿಯನ್ನು ಎಣಿಸುವುದೇ ಇಲ್ಲ, ಪಿಂಚಣಿಯನ್ನು ಎಣಿಸುತ್ತಾರೆ. ಹಿಂದಿನ ಆರು ತಿಂಗಳ ಸರಾಸರಿ ನೋಡುತ್ತಾರೆ. ಅರ್ಜಿಯ ನಂತರ ಟ್ರಸ್ಟಿಯೊಂದಿಗೆ ಒಂದು ಭೇಟಿ, ಈಗ ಬಹುತೇಕ ವಿಡಿಯೋ ಕರೆಯಲ್ಲೇ. ಪ್ರಶ್ನೆಗಳು ಸಾಮಾನ್ಯವಾಗಿ ಕೆಲವೇ ನಿಮಿಷ: ಮನೆಯ ಬೆಲೆ ಹೇಗೆ ಲೆಕ್ಕ ಹಾಕಿದಿರಿ, ಯಾರಿಗಾದರೂ ಆಸ್ತಿ ಕೊಟ್ಟಿದ್ದೀರಾ, ಯಾರಿಂದಾದರೂ ಹಣ ಬರಬೇಕಿದೆಯೇ. ಆಮೇಲೆ ಹಣಕಾಸು ನಿರ್ವಹಣೆಯ ಒಂದು ಕೋರ್ಸ್ ಬಾಕಿ ಇರುತ್ತದೆ; ಅದನ್ನು ಮರೆತರೆ ಸಾಲ ಮನ್ನಾ ಆಗದೆ ಕೇಸು ಮುಚ್ಚಿಹೋಗುತ್ತದೆ. ಎಲ್ಲ ಸರಿಯಾಗಿದ್ದರೆ ಚಾಪ್ಟರ್ 7 ನಾಲ್ಕು ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ.

ಯಾವಾಗ ಹಾಕಬೇಕು ಎಂಬುದೂ ಮುಖ್ಯ. ಒಮ್ಮೆ ಚಾಪ್ಟರ್ 7ರ ಮನ್ನಾ ಪಡೆದರೆ ಮತ್ತೆ ಅದೇ ಚಾಪ್ಟರಿನಲ್ಲಿ ಪಡೆಯಲು, ಹಿಂದಿನ ಅರ್ಜಿಯ ದಿನದಿಂದ ಎಂಟು ವರ್ಷ ಕಳೆಯಬೇಕು, ಅರ್ಜಿಯ ನಂತರ ಹುಟ್ಟಿದ ಸಾಲ ಮನ್ನಾ ಆಗುವುದಿಲ್ಲ. ಮುಂದಿನ ತಿಂಗಳು ದೊಡ್ಡ ಶಸ್ತ್ರಚಿಕಿತ್ಸೆ ಇದ್ದು ವಿಮೆ ಪೂರ್ತಿ ಕೊಡುವುದಿಲ್ಲ ಎಂದು ಗೊತ್ತಿದ್ದರೆ, ಹರಾಜಿನ ಒತ್ತಡ ಇಲ್ಲದವರು ಬಿಲ್ಲು ಬರುವ ತನಕ ಕಾಯುವುದು ಲೇಸು. ಆದರೆ ಕಾಯುವಾಗ ಕಾರ್ಡ್ ಉಜ್ಜಬೇಡಿ. ಅರ್ಜಿಗೆ ಮುಂಚಿನ 90 ದಿನದಲ್ಲಿ ಒಂದೇ ಕಂಪನಿಯ ಸಾಲದಲ್ಲಿ 900 ಡಾಲರಿಗಿಂತ ಹೆಚ್ಚಿನ ಐಷಾರಾಮಿ ಖರೀದಿ, 70 ದಿನದಲ್ಲಿ 1,250 ಡಾಲರಿಗಿಂತ ಹೆಚ್ಚು ನಗದು ಮುಂಗಡ ಕಂಡರೆ ಅದು ವಂಚನೆಯೆಂದೇ ಊಹಿಸಿ ಮುಂದುವರಿಯಲು ಕಾನೂನು ಅವಕಾಶ ಕೊಡುತ್ತದೆ.

ಟಿವಿ ಜಾಹೀರಾತಿನ ಸಾಲ ಇತ್ಯರ್ಥ ಕಂಪನಿಗಳ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ: ನಿವೃತ್ತರಿಗೆ ಅವು ಬೇಡ. ಕಾರ್ಡ್ ಕಟ್ಟುವುದನ್ನು ನಿಲ್ಲಿಸಿ ತಮ್ಮಲ್ಲಿ ಹಣ ಕೂಡಿಸಲು ಹೇಳುತ್ತಾರೆ, ಅಷ್ಟರಲ್ಲಿ ದಾವೆ ಬೀಳುತ್ತದೆ, ಬಿಟ್ಟುಕೊಟ್ಟ ಸಾಲ ಆದಾಯವೆಂದು ತೆರಿಗೆ ಲೆಕ್ಕಕ್ಕೂ ಬರಬಹುದು. ದಿವಾಳಿಯಲ್ಲಿ ಅಳಿದ ಸಾಲಕ್ಕೆ ಆ ತೆರಿಗೆ ಇಲ್ಲ. 62 ದಾಟಿದವರಿಗೆ ಸಿಗುವ ರಿವರ್ಸ್ ಮಾರ್ಟ್‌ಗೇಜ್ (ಆ ಮನೆಯಲ್ಲಿರುವಷ್ಟು ಕಾಲ ತಿಂಗಳ ಕಂತು ಕಟ್ಟಬೇಕಿಲ್ಲದ, ಮನೆಯ ಮೇಲಿನ ಸಾಲ) ಬೇರೆ ಮಾತು. ತಿಂಗಳ ಮಾರ್ಟ್‌ಗೇಜ್ ಕಂತೇ ಹೊರೆಯಾಗಿದ್ದರೆ ಅದನ್ನು ತೀರಿಸಲು ಇದು ಉಪಯೋಗಕ್ಕೆ ಬಂದೀತು. ಕಾರ್ಡ್ ಸಾಲ ತೀರಿಸಲು ತೆಗೆದರೆ ಮತ್ತೆ ಅದೇ ಕಥೆ, ಕಾನೂನು ಕಾದಿಟ್ಟ ಈಕ್ವಿಟಿಯನ್ನು ಕೈಯಾರೆ ಸುರಿದಂತೆ. ಇದರಲ್ಲೂ ತೆರಿಗೆ, ವಿಮೆ ಕಟ್ಟದಿದ್ದರೆ ಹರಾಜು ಆಗುತ್ತದೆ.

ವಕೀಲರನ್ನು ಕಾಣಲು ಹೋಗುವಾಗ ಡೀಡ್, ಮಾರ್ಟ್‌ಗೇಜಿನ ಇತ್ತೀಚಿನ ಸ್ಟೇಟ್‌ಮೆಂಟ್, ಆಸ್ತಿ ತೆರಿಗೆ ಬಿಲ್ಲು, ನಾಲ್ಕು ವರ್ಷದ ಟ್ಯಾಕ್ಸ್ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸೋಶಿಯಲ್ ಸೆಕ್ಯುರಿಟಿ ಪತ್ರ, ಬಂದಿರುವ ಪ್ರತಿ ಸಮನ್ಸ್ ಒಯ್ಯಿರಿ. ನನ್ನ ಮನೆಗೆ ಯಾವ ವಿನಾಯಿತಿ, ಎಷ್ಟು, ಟ್ರಸ್ಟಿ ನನ್ನ ಬೆಲೆ ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸದ ವಕೀಲರನ್ನು ಬಿಟ್ಟು ಬೇರೆಯವರನ್ನು ನೋಡಿ. ಚಾಪ್ಟರ್ 13ರಲ್ಲಿ ವಕೀಲರ ಶುಲ್ಕದ ಬಹುಭಾಗವನ್ನು ಯೋಜನೆಯ ಕಂತಿನಲ್ಲೇ ಕಟ್ಟಬಹುದು. ಶುಲ್ಕ ಕೊಡಲಾಗದವರಿಗೆ ಊರಿನ ಲೀಗಲ್ ಏಡ್ ಇದೆ; 60 ದಾಟಿದವರಿಗೆ ಫೆಡರಲ್ ಹಣದಿಂದ ನಡೆಯುವ ಉಚಿತ ಕಾನೂನು ಸಲಹೆಯ ದಾರಿಯನ್ನು ನಿಮ್ಮ ಪ್ರದೇಶದ ಏರಿಯಾ ಏಜೆನ್ಸಿ ಆನ್ ಏಜಿಂಗ್ ತೋರಿಸುತ್ತದೆ. ಅಲ್ಲಿಗೆ ಫೋನ್ ಮಾಡುವ ಕೆಲಸ ಹೋಮ್ ಈಕ್ವಿಟಿ ಕಾಗದಕ್ಕೆ ಸಹಿ ಹಾಕುವ ಮೊದಲು ಆಗಲಿ.